ಮಗು ರಾತ್ರಿ ಮಲಗುವ ಮನೆ ಯಾವುದು?

ಪ್ರಶ್ನೆ: ಅಕ್ಕಾ, ನಾವು ಹಾಸನದ ಕಡೆಯವರು. ಇಂಗ್ಲೆಂಡಿಗೆ ಬಂದು ನಾಲ್ಕು ವರ್ಷವಾಯಿತು. ನಮ್ಮ ಯಜಮಾನರು ಕೆಲಸದ ವೀಸಾದಲ್ಲಿದ್ದಾರೆ. ಎರಡು ವರ್ಷದ ಹಿಂದೆ ಸಾಲ ಮಾಡಿ ಒಂದು ಫ್ಲಾಟ್ ತೆಗೆದುಕೊಂಡೆವು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಕಳೆದ ಜುಲೈ ಮೊದಲ ವಾರ ಎರಡನೇ ಮಗು ಹುಟ್ಟಿತು. ಸಿಸೇರಿಯನ್. ಆ ಹೊಲಿಗೆಯಲ್ಲಿ ಮಗುವನ್ನು ಎತ್ತಿಕೊಂಡು ಮೂರು ಮಹಡಿ ಹತ್ತಿ ಇಳಿಯಲು ನನ್ನಿಂದ ಆಗಲಿಲ್ಲ. ಆಗಸ್ಟ್ 9ಕ್ಕೆ ಒಂದು ಬಾಡಿಗೆ ಮನೆಗೆ ಬಂದೆವು. ಫ್ಲಾಟನ್ನು ಮಾರಾಟಕ್ಕೆ ಇಟ್ಟೆವು. ಕೊಳ್ಳುತ್ತೇವೆ ಎಂದವರು ನವೆಂಬರಿನಲ್ಲಿ ಹಿಂದೆ ಸರಿದರು. ಜನವರಿಯಲ್ಲಿ ಅದನ್ನು ಬಾಡಿಗೆಗೆ ಕೊಟ್ಟೆವು.

ದೊಡ್ಡ ಮಗಳು ಈ ಸೆಪ್ಟೆಂಬರಿಗೆ ಸೆಕೆಂಡರಿ ಶಾಲೆ ಸೇರಬೇಕು. ಅಕ್ಟೋಬರಿನಲ್ಲಿ ಬಾಡಿಗೆ ಮನೆಯ ವಿಳಾಸ ಕೊಟ್ಟು ಅರ್ಜಿ ಹಾಕಿದೆವು. ಆ ಮನೆಯಿಂದ ನಾವು ಕೇಳಿದ ಶಾಲೆಗೆ 0.6 ಮೈಲಿ. ಅಲ್ಲಿ ಹತ್ತಿರದವರಿಗೆ ಮೊದಲು ಸೀಟು. ಮಾರ್ಚ್ ಮೊದಲ ವಾರ ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ಸ್ಥಳೀಯ ಆಡಳಿತದಿಂದ, ಸೀಟು ಇಲ್ಲ ಎಂದು ಪತ್ರ ಬಂತು. ನಮಗೆ ಸ್ವಂತ ಫ್ಲಾಟ್ ಇದೆ, ಅಲ್ಲಿನ ಕೌನ್ಸಿಲ್ ಟ್ಯಾಕ್ಸ್ (ಮನೆ ತೆರಿಗೆ) ಡಿಸೆಂಬರ್ ತನಕ ನಮ್ಮ ಹೆಸರಿನಲ್ಲೇ ಇತ್ತು, ಹಾಗಾಗಿ ಅದೇ ನಮ್ಮ ಮನೆ ಎಂದು ತೆಗೆದುಕೊಂಡಿದ್ದಾರೆ. ಫ್ಲಾಟಿನಿಂದ ಶಾಲೆಗೆ 2.9 ಮೈಲಿ. ಈ ಸಲ ಸೀಟು ಸಿಕ್ಕ ಕೊನೆಯ ಮಗು 1.1 ಮೈಲಿ ದೂರದ್ದಂತೆ. ನಾವು ಸುಳ್ಳು ಹೇಳಿದ್ದೇವೆ ಎಂದು ಅವರು ನೇರವಾಗಿ ಬರೆದಿಲ್ಲ. ಆದರೆ ಓದಿದರೆ ಹಾಗೇ ಅನ್ನಿಸುತ್ತದೆ. ಅವರು ಕೊಟ್ಟಿರುವ ಶಾಲೆಗೆ ಎರಡು ಬಸ್ ಹಿಡಿಯಬೇಕು. ಅದನ್ನು ಬೇಡ ಎಂದುಬಿಡೋಣ ಅಂತಾರೆ ಯಜಮಾನರು. ನನಗಂತೂ ರಾತ್ರಿ ನಿದ್ದೆ ಇಲ್ಲ. ಮನೆ ಮುಂದೆ ಯಾವುದಾದರೂ ಕಾರು ನಿಂತರೆ ಕೌನ್ಸಿಲ್‌ನವರೇ ನಮ್ಮನ್ನು ನೋಡಲು ಬಂದಿದ್ದಾರೆ ಅನ್ನಿಸುತ್ತದೆ. ಅಪೀಲು ಹಾಕಿದರೆ ಗೆಲ್ಲುತ್ತೇವಾ?
— ಒಬ್ಬ ತಾಯಿ, ಇಂಗ್ಲೆಂಡ್

ಉತ್ತರ: ತಂಗೀ, ನಿಮ್ಮ ಪತ್ರ ಓದಿದ ದಿನವೇ ನಿಮಗೆ ಎರಡು ಸಾಲಿನ ಇಮೇಲ್ ಹಾಕಿದ್ದೆ, ನೆನಪಿದೆಯಲ್ವಾ? ಮೊದಲು ಅಪೀಲು ಫಾರಂ ತುಂಬಿ ಕಳಿಸಿ, ಕೊಟ್ಟ ಸೀಟನ್ನು ಒಪ್ಪಿಕೊಳ್ಳಿ ಎಂದು. ಈ ಸಂಚಿಕೆ ಅಚ್ಚಾಗಿ ಬರುವ ತನಕ ಕಾಯುವಷ್ಟು ಸಮಯ ಅದಕ್ಕೆ ಇರಲಿಲ್ಲ. ಸೀಟು ಇಲ್ಲ ಎಂಬ ಪತ್ರ ಬಂದ ಮೇಲೆ ಅಪೀಲು ಹಾಕಲು ಕನಿಷ್ಠ 20 ಶಾಲಾ ದಿನ ಕೊಡಲೇಬೇಕು. ಶನಿವಾರ, ಭಾನುವಾರ, ಈಸ್ಟರ್ ರಜೆ ಲೆಕ್ಕಕ್ಕಿಲ್ಲ. ಕಡೆಯ ದಿನ ಯಾವುದು ಅನ್ನುವುದು ಆ ಪತ್ರದಲ್ಲೇ ಇರುತ್ತದೆ. ಫಾರಂ ಆ ದಿನದೊಳಗೆ ಹೋದರೆ ಸಾಕು. ಕಾಗದಪತ್ರ ಆಮೇಲೆ ಕಳಿಸಬಹುದು, ಅದಕ್ಕೆ ಬೇರೆ ದಿನಾಂಕ ಹೇಳಿರುತ್ತಾರೆ. ಇದಕ್ಕೆ ಫೀಸು ಇಲ್ಲ.

ಕೊಟ್ಟ ಶಾಲೆಯನ್ನು ಬೇಡ ಅನ್ನಬೇಡಿ ಎಂದು ನಿಮ್ಮ ಯಜಮಾನರಿಗೆ ನನ್ನ ಹೆಸರು ಹೇಳಿಯೇ ಹೇಳಿ. ಒಪ್ಪಿಕೊಂಡರೆ ಅಪೀಲಿಗೆ ಪೆಟ್ಟು ಬೀಳುತ್ತದೆ ಎಂದು ನಮ್ಮವರಲ್ಲಿ ಬಹಳ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಅಪೀಲಿಗೂ ಇಲ್ಲ, ವೇಟಿಂಗ್ ಲಿಸ್ಟಿಗೂ ಇಲ್ಲ. ಬೇಡ ಅಂದು, ಅಪೀಲೂ ಸೋತರೆ ಸೆಪ್ಟೆಂಬರಿನಲ್ಲಿ ಮಗಳಿಗೆ ಯಾವ ಶಾಲೆಯೂ ಇರುವುದಿಲ್ಲ. ನಿಮಗೆ ಬೇಕಾದ ಶಾಲೆಯ ವೇಟಿಂಗ್ ಲಿಸ್ಟಿನಲ್ಲಿ ಮಗಳ ಹೆಸರು ಇದೆಯೇ ಎಂದೂ ಕೇಳಿ. ಆ ಪಟ್ಟಿಯನ್ನು ಕನಿಷ್ಠ ಡಿಸೆಂಬರ್ 31ರ ತನಕ ಇಡಲೇಬೇಕು. ಯಾವ ವಿಳಾಸದ ಮೇಲೆ ಹೆಸರು ಸೇರಿಸಿದ್ದಾರೆ ಅನ್ನುವುದನ್ನು ಮಾತ್ರ ಬಿಡದೆ ವಿಚಾರಿಸಿ. ಹಳೆಯ ಫ್ಲಾಟಿನ ವಿಳಾಸವೇ ಇದ್ದರೆ ನೀವು ಪಟ್ಟಿಯಲ್ಲಿ ತೀರಾ ಕೆಳಗಿರುತ್ತೀರಿ.

ಈಗ ನಿಮ್ಮ ಭಯದ ಮಾತು. ಯಾರಾದರೂ ಹಿಂಬಾಲಿಸುತ್ತಾರಾ ಅಂತ ಕೇಳಿದ್ದೀರಿ. 2008ರಲ್ಲಿ ಡಾರ್ಸೆಟ್‌ನ ಪೂಲ್ ಎಂಬ ಊರಿನಲ್ಲಿ ಹಾಗೆ ಆಗಿತ್ತು. ಒಂದು ಕುಟುಂಬ ಹೇಳಿದ ವಿಳಾಸದಲ್ಲೇ ಇದೆಯಾ ಎಂದು ನೋಡಲು ಕೌನ್ಸಿಲ್‌ನವರು ಸುಮಾರು ಮೂರು ವಾರ ಗುಟ್ಟಾಗಿ ಅವರ ಮೇಲೆ ಕಣ್ಣಿಟ್ಟಿದ್ದರು. ಆ ಕುಟುಂಬದ್ದು ತಪ್ಪೇ ಇರಲಿಲ್ಲ. ಅವರು ಸುಮ್ಮನೆ ಬಿಡಲಿಲ್ಲ. 2010ರಲ್ಲಿ ನ್ಯಾಯಮಂಡಳಿ ಈ ಕಣ್ಗಾವಲು ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಆಮೇಲೆ 2012ರ ಕಾನೂನು ಕೌನ್ಸಿಲ್‌ಗಳ ಇಂಥ ಅಧಿಕಾರವನ್ನು ಬಿಗಿ ಮಾಡಿತು. ಮ್ಯಾಜಿಸ್ಟ್ರೇಟ್ ಒಪ್ಪಿಗೆ ಬೇಕು, ಅಪರಾಧವೂ ಗಂಭೀರವಾಗಿರಬೇಕು. ಆದ್ದರಿಂದ ಹೊರಗೆ ನಿಂತ ಕಾರು ಬಹುಶಃ ಪಕ್ಕದ ಮನೆಯವರ ನೆಂಟರದ್ದು. ಕೌನ್ಸಿಲ್‌ನವರು ಸಾಮಾನ್ಯವಾಗಿ ಕೂತಲ್ಲೇ ತಮ್ಮ ದಾಖಲೆಗಳನ್ನು ನೋಡುತ್ತಾರೆ. ಮುಖ್ಯವಾಗಿ ಕೌನ್ಸಿಲ್ ಟ್ಯಾಕ್ಸ್. ನಿಮ್ಮ ವಿಷಯದಲ್ಲಿ ಆಗಿರುವುದೂ ಅದೇ.

ನನ್ನದೂ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಸಾಗರದವಳು. 2007ರಲ್ಲಿ ನನ್ನ ಮಗಳಿಗೂ ಇದೇ ಆಯಿತು. ಆಗ ನಾವು ಒಬ್ಬ ಕನ್ನಡದವರ ಮನೆಯ ಮಹಡಿಯ ಎರಡು ಕೋಣೆಯಲ್ಲಿ ಇದ್ದೆವು. ಗ್ಯಾಸು, ಕರೆಂಟು, ಕೌನ್ಸಿಲ್ ಟ್ಯಾಕ್ಸ್ ಎಲ್ಲ ಅವರ ಹೆಸರಿನಲ್ಲಿ. ಬಾಡಿಗೆ ಕೈಗೆ ಕೊಡುತ್ತಿದ್ದೆವು. ನಾವು ಅಲ್ಲಿದ್ದೇವೆ ಅನ್ನುವುದಕ್ಕೆ ಒಂದು ಚೂರು ಕಾಗದ ಇರಲಿಲ್ಲ. ಸೀಟು ಇಲ್ಲ ಅಂದರು. ಹತ್ತಿರದ ಶಾಲೆಯ ಗೇಟು ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಅದನ್ನು ನೋಡುತ್ತಾ ಪಾತ್ರೆ ತೊಳೆಯುತ್ತಾ ಅತ್ತಿದ್ದೇನೆ.

ಅಪೀಲಿಗೆ ಏನು ತೆಗೆದುಕೊಂಡು ಹೋಗುವುದು? ಮಗಳ ಲೈಬ್ರರಿ ಕಾರ್ಡಿನ ಪತ್ರ, ಪ್ರೈಮರಿ ಶಾಲೆಯಿಂದ ಒಂದು ಪತ್ರ, ದಂತವೈದ್ಯರ ಅಪಾಯಿಂಟ್‌ಮೆಂಟ್ ಚೀಟಿ ಸಿಕ್ಕಿದವು. ಆಮೇಲೆ ಟ್ರಂಕು ತೆಗೆದು ನೋಡಿದೆ. ಅಮ್ಮ ಬರೆದ ಏರೋಗ್ರಾಂಗಳಿದ್ದವು. ನೀಲಿ ಕಾಗದ, ಮೇಲೆ ಸಾಗರದ ಅಂಚೆ ಮುದ್ರೆ, ದಿನಾಂಕ, ಅಮ್ಮನ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದ ನಮ್ಮ ವಿಳಾಸ. ತಿಂಗಳಿಗೊಂದರಂತೆ ಹದಿನಾಲ್ಕು. ಅವನ್ನೇ ಒಂದು ದಾರದಲ್ಲಿ ಕಟ್ಟಿಕೊಂಡು ಹೋದೆ. ಅಪೀಲು ಕೇಳಿ ತೀರ್ಮಾನ ಮಾಡುವ ಪ್ಯಾನೆಲ್‌ನಲ್ಲಿದ್ದ ಹಿರಿಯ ಹೆಂಗಸು ಒಂದೊಂದನ್ನೂ ತಿರುಗಿಸಿ ಮುದ್ರೆಯ ದಿನಾಂಕ ಓದಿದರು. ಒಳಗಿನ ಅಕ್ಷರ ಯಾವ ಭಾಷೆ ಎಂದು ಕೇಳಿದರು. ಕನ್ನಡ ಅಂದೆ. ನನ್ನ ಗಂಟಲು ಕಟ್ಟಿತು. ಸೀಟು ಕೊಡಬೇಕು ಎಂಬ ತೀರ್ಮಾನದ ಪತ್ರ ಐದು ದಿನದಲ್ಲಿ ಬಂತು.

ಆಮೇಲೆ ನಾನೇ ಅಂಥ ಪ್ಯಾನೆಲ್ ಸದಸ್ಯಳಾಗಿ ಒಂಬತ್ತು ವರ್ಷ ಕೂತೆ. ಸಂಬಳ ಇಲ್ಲದ ಕೆಲಸ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ, ಮೇಜಿನ ಆ ಕಡೆ ಕೂತವರು ಹುಡುಕುವುದು ಒಂದೇ ವಿಷಯ. ಅರ್ಜಿಯ ಕಡೆಯ ದಿನ, ಅಂದರೆ ಅಕ್ಟೋಬರ್ 31ರ ಹೊತ್ತಿಗೆ, ಈ ಮಗು ರಾತ್ರಿ ಯಾವ ಮನೆಯಲ್ಲಿ ಮಲಗುತ್ತಿತ್ತು? ನಿಮ್ಮ ಆಸ್ತಿ ಎಲ್ಲಿದೆ ಅನ್ನುವುದು ಬೇರೆ ಪ್ರಶ್ನೆ. ಕೌನ್ಸಿಲ್‌ನವರು ಎರಡನ್ನೂ ಒಂದೇ ಮಾಡಿಕೊಂಡಿದ್ದಾರೆ. ಅವನ್ನು ಬಿಡಿಸಿ ತೋರಿಸುವುದು ನಿಮ್ಮ ಕೆಲಸ.

ಮೊದಲು ಆ ಶಾಲೆಯ ಪ್ರವೇಶ ನಿಯಮದ ಕಾಗದ ಹುಡುಕಿ. ಪ್ರತಿ ಶಾಲೆ ಅದನ್ನು ಪ್ರಕಟಿಸಲೇಬೇಕು. ಮನೆ ಅಂದರೆ ಏನು, ದೂರ ಹೇಗೆ ಅಳೆಯುತ್ತಾರೆ ಅನ್ನುವುದು ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಕೆಲವು ಕಡೆ 'ಮಗು ಸಾಮಾನ್ಯವಾಗಿ ವಾಸ ಮಾಡುವ ಮನೆ' ಎಂದಷ್ಟೇ ಬರೆದಿರುತ್ತಾರೆ. ಹಾಗಿದ್ದರೆ ನಿಮ್ಮ ಕೈ ಮೇಲು. ಇನ್ನು ಕೆಲವು ಕಡೆ 'ಸ್ವಂತ ಮನೆ ಇಟ್ಟುಕೊಂಡು ಬೇರೆ ಕಡೆ ಬಾಡಿಗೆಗೆ ಇದ್ದರೆ ಸ್ವಂತ ಮನೆಯನ್ನೇ ಲೆಕ್ಕಕ್ಕೆ ಹಿಡಿಯುತ್ತೇವೆ' ಎಂದಿರುತ್ತದೆ. ಸೀಟಿಗಾಗಿ ಆರು ತಿಂಗಳು ಬಾಡಿಗೆ ಮನೆ ಹಿಡಿದು ಆಮೇಲೆ ವಾಪಸ್ ಹೋಗುವವರು ಇದ್ದಾರೆ, ಅವರಿಗಾಗಿ ಬಂದ ನಿಯಮ ಅದು. ಆದರೂ ಇಡೀ ಪ್ಯಾರಾ ಓದಿ. ಮಾರಾಟಕ್ಕೆ ಇಟ್ಟಿದ್ದರೆ, ಶಾಶ್ವತವಾಗಿ ಬಿಟ್ಟು ಬಂದಿದ್ದರೆ ಎಂಬ ವಿನಾಯಿತಿ ಕೆಳಗೆ ಇರಬಹುದು. ಇದ್ದರೆ ಅದೇ ನಿಮ್ಮ ಬಾಗಿಲು. ಏಜೆಂಟರ ಜೊತೆ ಮಾಡಿದ ಮಾರಾಟದ ಕರಾರು, ಜಾಹೀರಾತು ಹಾಕಿದ ದಿನಾಂಕ, ಕೊಳ್ಳುವವರು ಹಿಂದೆ ಸರಿದ ಇಮೇಲು, ವಕೀಲರ ಪತ್ರ, ಎಲ್ಲ ತೆಗೆದಿಡಿ.

ಜೊತೆಗೆ ಕೌನ್ಸಿಲ್‌ಗೆ ಒಂದು ಪತ್ರ ಬರೆಯಿರಿ. ಯಾವ ನಿಯಮದ ಪ್ರಕಾರ, ಯಾವ ದಾಖಲೆ ನೋಡಿ ಈ ತೀರ್ಮಾನ ಮಾಡಿದಿರಿ ಎಂದು ಕೇಳಿ. ನಿಮ್ಮ ಬಗ್ಗೆ ಅವರ ಕಡತದಲ್ಲಿ ಇರುವುದನ್ನು ಕೊಡಿ ಎಂದು ಕೇಳುವ ಹಕ್ಕೂ ನಿಮಗಿದೆ. ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕೊಡಬೇಕು. ಈಗಲೇ ಕೇಳಿದರೆ ವಿಚಾರಣೆಗೆ ಮುಂಚೆ ಕೈಗೆ ಸಿಗುತ್ತದೆ.

ಸಾಕ್ಷಿಗೆ ಬರೋಣ. ನಿಮ್ಮ ಪತ್ರದಲ್ಲಿ ನೀವೇ ಗಮನಿಸದ ಒಂದು ಚಿನ್ನದಂಥ ವಿಷಯ ಇದೆ. ನಿಮ್ಮ ಚಿಕ್ಕ ಮಗು ಜುಲೈ ಮೊದಲ ವಾರ ಹುಟ್ಟಿತು. ಹೆಲ್ತ್ ವಿಸಿಟರ್, ಅಂದರೆ ಕೂಸನ್ನು ನೋಡಲು ಮನೆಗೆ ಬರುವ ನರ್ಸ್, ಮೊದಲ ಸಲ ಬಂದದ್ದು ಫ್ಲಾಟಿಗೆ ಇರಬೇಕು. ಆರರಿಂದ ಎಂಟು ವಾರಕ್ಕೆ ಮತ್ತೆ ನೋಡುತ್ತಾರೆ. ಅಂದರೆ ಆಗಸ್ಟ್ ಮಧ್ಯದಿಂದ ಕೊನೆಯೊಳಗೆ. ಆಗ ನೀವು ಬಾಡಿಗೆ ಮನೆಯಲ್ಲಿದ್ದಿರಿ. ಮಗುವಿನ ಆರೋಗ್ಯದ ವಿವರ ಬರೆಯುವ ಕೆಂಪು ಪುಸ್ತಕ ತೆಗೆದು ನೋಡಿ, ದಿನಾಂಕ ಇರುತ್ತದೆ. ಅವರು ಆ ಮನೆಗೇ ಬಂದಿದ್ದರೆ ಯಾವ ವಿಳಾಸಕ್ಕೆ ಬಂದಿದ್ದರು ಎಂದು ಒಂದು ಪತ್ರ ಕೊಡಲು ಕೇಳಿ. ಎಂಟು ವಾರದ ಕೂಸು ಒಂದು ಮನೆಯಲ್ಲಿ, ಹತ್ತು ವರ್ಷದ ಅಕ್ಕ ಇನ್ನೊಂದು ಮನೆಯಲ್ಲಿ ಇರುತ್ತಾರೆ ಎಂದು ಯಾರೂ ನಂಬುವುದಿಲ್ಲ.

ಎರಡನೆಯದು ಕರೆಂಟು. ಫ್ಲಾಟು ಆಗಸ್ಟಿನಿಂದ ಡಿಸೆಂಬರ್ ತನಕ ಖಾಲಿ ಇತ್ತಲ್ವಾ? ಆ ಐದು ತಿಂಗಳ ಬಿಲ್ಲು ತೆಗೆಸಿ. ಬಾಡಿಗೆ ಮನೆಯ ಬಿಲ್ಲನ್ನು ಅದರ ಪಕ್ಕ ಇಡಿ. ದುಡ್ಡಿನ ಮೊತ್ತ ಸಾಲದು, ಎಷ್ಟು ಯೂನಿಟ್ ಖರ್ಚಾಗಿದೆ ಅನ್ನುವುದು ಬೇಕು. ಮೀಟರ್ ನೋಡದೆ ಅಂದಾಜಿಗೆ ಹಾಕಿದ ಬಿಲ್ಲು ಕೆಲಸಕ್ಕೆ ಬರುವುದಿಲ್ಲ, ನಿಜವಾದ ರೀಡಿಂಗ್ ಇರಲಿ. ಕೂಸಿನ ಬಟ್ಟೆಗೆ ದಿನಾ ಎರಡು ಸಲ ವಾಷಿಂಗ್ ಮಷೀನ್ ಓಡಿರುತ್ತದೆ. ಅದು ಯಾವ ಮನೆಯಲ್ಲಿ ಓಡಿತು ಎಂದು ಆ ಅಂಕಿಗಳೇ ಹೇಳುತ್ತವೆ.

ಬಾಡಿಗೆ ಕರಾರು ನೀವು ಕೊಟ್ಟೇ ಇರುತ್ತೀರಿ. ಅದರ ಜೊತೆ ಡಿಪಾಸಿಟ್ ಸರ್ಟಿಫಿಕೇಟನ್ನೂ ಸೇರಿಸಿ. ಇಂಗ್ಲೆಂಡಿನಲ್ಲಿ ಮನೆ ಮಾಲೀಕರು ಬಾಡಿಗೆದಾರರ ಡಿಪಾಸಿಟನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯೊಂದರಲ್ಲಿ ಇಡಬೇಕು. ಅದರ ದಿನಾಂಕವನ್ನು ಆಮೇಲೆ ಯಾರೂ ತಿದ್ದಲು ಆಗುವುದಿಲ್ಲ. ಜನವರಿಯಲ್ಲಿ ನಿಮ್ಮ ಫ್ಲಾಟಿಗೆ ಬಂದವರ ಡಿಪಾಸಿಟ್ ಪತ್ರವೂ ನಿಮ್ಮ ಹತ್ತಿರ ಇರುತ್ತದೆ. ಎರಡೂ ಬೇಕು. ವಾಪಸ್ ಹೋಗುವ ಯೋಚನೆ ಇಲ್ಲ ಅನ್ನುವುದಕ್ಕೆ ಎರಡನೆಯದು ಸಾಕ್ಷಿ. ಸಾಮಾನು ಸಾಗಿಸಿದ ವ್ಯಾನಿನ ರಸೀದಿ, ಬ್ರಾಡ್‌ಬ್ಯಾಂಡ್ ಬದಲಾಯಿಸಿದ ಇಮೇಲ್, ಮಗಳ ಈಗಿನ ಶಾಲೆಯಲ್ಲಿ ಹೊಸ ವಿಳಾಸ ಯಾವತ್ತು ದಾಖಲಾಯಿತು ಎಂಬ ಪತ್ರ ಕೂಡ ಇರಲಿ.

ಕೌನ್ಸಿಲ್‌ಗಳು ಚೈಲ್ಡ್ ಬೆನಿಫಿಟ್ (ಮಕ್ಕಳಿಗಾಗಿ ಸರ್ಕಾರ ಕೊಡುವ ಹಣ) ಪತ್ರ ಕೇಳುವುದು ಜಾಸ್ತಿ. ಕೆಲಸದ ವೀಸಾದಲ್ಲಿರುವ ನಮ್ಮವರಿಗೆ ಸಾಮಾನ್ಯವಾಗಿ ಆ ಹಣ ಪಡೆಯುವ ಅವಕಾಶವೇ ಇರುವುದಿಲ್ಲ. ಆ ಪತ್ರ ಇಲ್ಲದೆ ಹೋದರೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸಬಾರದು. ಒಂದೇ ಸಾಲಿನಲ್ಲಿ ಕಾರಣ ಬರೆಯಿರಿ. ಮತದಾರರ ಪಟ್ಟಿಯದೂ ಅಷ್ಟೇ. ಭಾರತೀಯ ಪ್ರಜೆಗಳು ಕಾಮನ್‌ವೆಲ್ತ್ ಲೆಕ್ಕದಲ್ಲಿ ಇಲ್ಲಿ ವೋಟು ಹಾಕಬಹುದು, ಪಟ್ಟಿಗೆ ಸೇರಬಹುದು. ಇದು ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ನೀವು ಸೇರಿದ್ದರೆ ಯಾವ ವಿಳಾಸದಲ್ಲಿ ಎಂದು ನೋಡಿ. ಫ್ಲಾಟಿನಲ್ಲೇ ಉಳಿದಿದ್ದರೆ ಅದನ್ನೂ ನೀವೇ ಮೊದಲು ಹೇಳಿ.

ಕೌನ್ಸಿಲ್ ಟ್ಯಾಕ್ಸ್ ವಿಷಯವನ್ನೂ ನೇರವಾಗಿ ಎದುರಿಸಿ. ಖಾಲಿ ಮನೆಗೂ ಮಾಲೀಕರು ಟ್ಯಾಕ್ಸ್ ಕಟ್ಟಬೇಕಾಗುತ್ತದೆ. ಅಲ್ಲಿ ನಿಮ್ಮ ಹೆಸರು ಇದ್ದದ್ದು ಸಹಜ. ಬಾಡಿಗೆ ಮನೆಯ ಟ್ಯಾಕ್ಸ್ ಖಾತೆಯನ್ನು ಯಾವತ್ತು ತೆರೆದಿರಿ? ಆಗಸ್ಟಿನಲ್ಲೇ ತೆರೆದಿದ್ದರೆ ಆ ಬಿಲ್ಲು ಮೊದಲ ಪುಟದಲ್ಲಿರಲಿ. ಫ್ಲಾಟು ಖಾಲಿಯಾಗಿದೆ ಎಂದು ತಿಳಿಸಲು ಮರೆತಿದ್ದರೆ ಮರೆತೆವು ಎಂದೇ ಹೇಳಿ. ಒಂದು ತಿಂಗಳ ಕೂಸಿನ ಜೊತೆ ಮನೆ ಬದಲಾಯಿಸಿದವರು ಒಂದು ಫಾರಂ ಮರೆಯುತ್ತಾರೆ. ಪ್ಯಾನೆಲ್‌ನಲ್ಲಿ ಕೂತವರೂ ಮನೆ ಮಕ್ಕಳು ಇರುವವರೇ.

ಇದೆಲ್ಲ ಹತ್ತು ಹನ್ನೆರಡು ಪುಟ ಮೀರಬಾರದು. ಮೊದಲ ಪುಟದಲ್ಲಿ ದಿನಾಂಕದ ಪ್ರಕಾರ ಏನೇನಾಯಿತು ಎಂದು ಬರೆಯಿರಿ. ಪ್ರತಿ ಸಾಲಿನ ಮುಂದೆ ಸಾಕ್ಷಿ ಯಾವ ಪುಟದಲ್ಲಿದೆ ಎಂದು ನಂಬರು ಹಾಕಿ. ನಾನು ಪ್ಯಾನೆಲ್‌ನಲ್ಲಿದ್ದಾಗ ಒಬ್ಬ ತಂದೆ ದಪ್ಪ ಫೈಲ್ ತಂದಿದ್ದರು. ಮಗನ ಅಬ್ಯಾಕಸ್ ಸರ್ಟಿಫಿಕೇಟ್, ಚೆಸ್, ಕೀಬೋರ್ಡ್ ಗ್ರೇಡ್, ಎಲ್ಲ ಇತ್ತು. ವಿಳಾಸದ ಕಾಗದ ಮಾತ್ರ ಇರಲಿಲ್ಲ. ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸದ ಶಾಲೆಯಲ್ಲಿ ಮಗು ಎಷ್ಟು ಜಾಣ ಅನ್ನುವುದರ ಮೇಲೆ ಸೀಟು ಕೊಡುವಂತಿಲ್ಲ. ಅವರ ಮುಖ ಇವತ್ತಿಗೂ ಕಣ್ಣ ಮುಂದಿದೆ. ನೀವು ಹಾಗೆ ಮಾಡಬೇಡಿ.

ವಿಚಾರಣೆ ಹೇಗಿರುತ್ತದೆ ಎಂದರೆ, ಪ್ಯಾನೆಲ್‌ನಲ್ಲಿ ಕನಿಷ್ಠ ಮೂರು ಜನ. ಒಬ್ಬರಾದರೂ ಶಿಕ್ಷಣದ ಅನುಭವ ಇರುವವರು, ಒಬ್ಬರಾದರೂ ಸಾಮಾನ್ಯ ನಾಗರಿಕರು. ಅವರು ಶಾಲೆಯವರೂ ಅಲ್ಲ, ಕೌನ್ಸಿಲ್‌ನವರೂ ಅಲ್ಲ. ಪಕ್ಕದಲ್ಲಿ ಕ್ಲರ್ಕ್ ಕೂತು ಎಲ್ಲ ಬರೆದುಕೊಳ್ಳುತ್ತಾರೆ, ಕಾನೂನು ಹೇಳುತ್ತಾರೆ. ಶಾಲೆಯ ಅಥವಾ ಕೌನ್ಸಿಲ್‌ನ ಪರವಾಗಿ ಒಬ್ಬರು ಮಾತಾಡುತ್ತಾರೆ. ಈಗೀಗ ವಿಡಿಯೋದಲ್ಲೂ ನಡೆಯುತ್ತದೆ. ನಿಮಗೆ ಕನಿಷ್ಠ 10 ಶಾಲಾ ದಿನ ಮುಂಚೆ ತಿಳಿಸಬೇಕು. ಜೊತೆಗೆ ಸ್ನೇಹಿತರನ್ನು ಕರೆದುಕೊಂಡು ಹೋಗಬಹುದು. ಇಂಗ್ಲಿಷಿನಲ್ಲಿ ತಡವರಿಸುತ್ತೇನೆ ಅನ್ನಿಸಿದರೆ ಭಾಷಾಂತರ ಮಾಡುವವರು ಬೇಕು ಎಂದು ಮುಂಚೆಯೇ ಕೇಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಪ್ಯಾನೆಲ್ ಎರಡು ಹಂತದಲ್ಲಿ ಯೋಚಿಸುತ್ತದೆ. ನಿಯಮವನ್ನು ಸರಿಯಾಗಿ ಅನ್ವಯಿಸಿದ್ದಾರಾ, ಇನ್ನೊಂದು ಮಗು ಬಂದರೆ ಶಾಲೆಗೆ ನಿಜಕ್ಕೂ ತೊಂದರೆಯಾ ಅನ್ನುವುದು ಮೊದಲನೆಯದು. ನಿಮ್ಮ ವಿಳಾಸದ ಜಗಳ ಇಲ್ಲಿ ಬರುತ್ತದೆ. 0.6 ಮೈಲಿ ಎಂದು ಹಿಡಿದಿದ್ದರೆ ಮಗಳಿಗೆ ಮಾರ್ಚಿನಲ್ಲೇ ಸೀಟು ಸಿಗುತ್ತಿತ್ತು. ಇದು ಸಾಬೀತಾದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು, ಸೀಟು ಕೊಡಬೇಕು.

ಅಲ್ಲಿ ಆಗದಿದ್ದರೆ ಎರಡನೇ ಹಂತ. ಶಾಲೆಗೆ ಆಗುವ ತೊಂದರೆ ಹೆಚ್ಚಾ, ಸೀಟು ಸಿಗದೆ ಮಗುವಿಗೆ ಆಗುವ ತೊಂದರೆ ಹೆಚ್ಚಾ ಎಂದು ತೂಗುತ್ತಾರೆ. ಇದಕ್ಕೆ ಬೇರೆ ತಯಾರಿ ಬೇಕು. ಹೊಲಿಗೆ ಹಾಕಿಸಿಕೊಂಡ ತಾಯಿ, ಕೈಯಲ್ಲಿ ಕೂಸು, ಎರಡು ಬಸ್ ಹಿಡಿಯಬೇಕಾದ ಹನ್ನೊಂದರ ಹುಡುಗಿ. ಇದನ್ನು ಹೇಳಿ. ಆದರೆ ಈ ಶಾಲೆಯೇ ಯಾಕೆ ಅನ್ನುವುದನ್ನೂ ಹೇಳಬೇಕು. ಮಗಳನ್ನೇ ಕೇಳಿ, ಅವಳಿಗೆ ಅಲ್ಲಿ ಏನು ಇಷ್ಟವಾಯಿತು ಎಂದು. ಬೇರೆ ಶಾಲೆಯನ್ನು ಹಳಿಯಬೇಡಿ, ಅದರಿಂದ ತಕ್ಕಡಿ ನಿಮ್ಮ ಕಡೆ ವಾಲುವುದಿಲ್ಲ. ಈ ಶಾಲೆ ಹಿಂದಿನ ವರ್ಷಗಳಲ್ಲಿ ಮಿತಿಗಿಂತ ಜಾಸ್ತಿ ಮಕ್ಕಳನ್ನು ತೆಗೆದುಕೊಂಡಿದೆಯಾ ಎಂದು ಅವರ ಪ್ರತಿನಿಧಿಯನ್ನು ಕೇಳಿ. ಆ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ.

ಗೆಲ್ಲುತ್ತೇವಾ ಎಂದು ಕೇಳಿದ್ದೀರಿ. ಸುಳ್ಳು ಧೈರ್ಯ ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ವಿಚಾರಣೆಗೆ ಬಂದ ಸೆಕೆಂಡರಿ ಅಪೀಲುಗಳಲ್ಲಿ ಐದರಲ್ಲಿ ಒಂದರ ಆಸುಪಾಸು ಗೆಲ್ಲುತ್ತವೆ. ಆದರೆ ಆ ಐದರಲ್ಲಿ ಬಹಳಷ್ಟು, ದೂರದಲ್ಲಿದ್ದೂ ಈ ಶಾಲೆಯೇ ಬೇಕು ಅನ್ನುವವರದ್ದು ಎಂದು ನನ್ನ ಅನುಭವ. ನಿಮ್ಮದು ಬೇರೆ. ನಿಮ್ಮ ಹತ್ತಿರ ದಿನಾಂಕಗಳಿವೆ. ಸೋತರೆ ಅದೇ ವರ್ಷ ಅದೇ ಶಾಲೆಗೆ ಸಾಮಾನ್ಯವಾಗಿ ಮತ್ತೆ ಅಪೀಲು ಇಲ್ಲ. ವಿಚಾರಣೆ ನಡೆಸಿದ ಕ್ರಮದಲ್ಲೇ ತಪ್ಪಾಗಿದ್ದರೆ ದೂರು ಕೊಡಬಹುದು. ಕೌನ್ಸಿಲ್ ಶಾಲೆಯಾದರೆ ಕೌನ್ಸಿಲ್‌ಗಳ ಮೇಲಿನ ದೂರು ಕೇಳುವ ಓಂಬುಡ್ಸ್‌ಮನ್‌ಗೆ, ಅಕಾಡೆಮಿಯಾದರೆ, ಅಂದರೆ ಸರ್ಕಾರದ ಹಣದಲ್ಲಿ ನಡೆದರೂ ಕೌನ್ಸಿಲ್ ಕೈಯಲ್ಲಿಲ್ಲದ ಶಾಲೆಯಾದರೆ, ಶಿಕ್ಷಣ ಇಲಾಖೆಗೆ.

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ಬರುವ ಫೆಬ್ರವರಿಗೆ ಲಂಡನ್ನಿಗೆ ವರ್ಗ. ಮಗ ಮುಂದಿನ ಸೆಪ್ಟೆಂಬರಿಗೆ ಇಯರ್ 7, ಅಂದರೆ ಸೆಕೆಂಡರಿ ಶಾಲೆಯ ಮೊದಲ ವರ್ಷ. ಅಲ್ಲಿರುವ ನನ್ನ ಭಾವಮೈದುನನ ಮನೆ ಒಳ್ಳೆ ಶಾಲೆಯ ಪಕ್ಕದಲ್ಲೇ ಇದೆ. ಅಕ್ಟೋಬರ್ ಕಡೆಯ ದಿನ ತಪ್ಪಬಾರದು ಎಂದು ಅವನ ವಿಳಾಸ ಹಾಕಬಹುದಾ?
— ಒಬ್ಬ ತಂದೆ, ಬೆಂಗಳೂರು

ಉತ್ತರ: ಬೇಡ ಸಾರ್. ನಿಮ್ಮ ಮಗ ಆ ಮನೆಯಲ್ಲಿ ಇಲ್ಲ. ಸುಳ್ಳು ವಿಳಾಸ ಕೊಟ್ಟು ಪಡೆದ ಸೀಟನ್ನು ವಾಪಸ್ ತೆಗೆದುಕೊಳ್ಳಬಹುದು. ಮಗು ಶಾಲೆಗೆ ಸೇರಿದ ಮೇಲೂ ತೆಗೆಯಬಹುದು. ಹೊಸ ದೇಶ, ಹೊಸ ಶಾಲೆ, ಆಗತಾನೇ ಸಿಕ್ಕ ಗೆಳೆಯರು, ಅದರ ನಡುವೆ ಹುಡುಗನನ್ನು ಎಬ್ಬಿಸಿ ಹೊರಗೆ ಕರೆದುಕೊಂಡು ಬರುವ ಸ್ಥಿತಿ ನಿಮಗೆ ಬರಬಾರದು. ಮೇಲಿನ ತಾಯಿಯಂಥವರ ಮೇಲೆ ಕೌನ್ಸಿಲ್‌ಗೆ ಅನುಮಾನ ಬರುವುದೂ ಇಂಥ ಅರ್ಜಿಗಳಿಂದಲೇ.

ದಾರಿ ಇದೆ. ಮೊದಲು ಆ ಕೌನ್ಸಿಲ್‌ಗೆ ಬರೆದು, ಬರುವ ಮುಂಚೆ ಅರ್ಜಿ ತೆಗೆದುಕೊಳ್ಳುತ್ತೀರಾ, ಯಾವ ವಿಳಾಸ ಕೊಡಬೇಕು ಎಂದು ಕೇಳಿ. ಫೆಬ್ರವರಿಗೆ ಬಂದು ಮನೆ ಹಿಡಿದ ವಾರವೇ ತಡವಾದ ಅರ್ಜಿ ಹಾಕಿ. ವೇಟಿಂಗ್ ಲಿಸ್ಟನ್ನು ಯಾರು ಮೊದಲು ಬಂದರು ಎಂದು ಜೋಡಿಸುವಂತಿಲ್ಲ. ಶಾಲೆಯ ನಿಯಮದ ಪ್ರಕಾರವೇ ಜೋಡಿಸಬೇಕು, ಪ್ರತಿ ಹೊಸ ಹೆಸರು ಬಂದಾಗಲೂ ಪಟ್ಟಿ ಬದಲಾಗಬೇಕು. ದೂರದ ಮೇಲೆ ಸೀಟು ಕೊಡುವ ಶಾಲೆಯ ಹತ್ತಿರ ಮನೆ ಮಾಡಿದರೆ, ಮಾರ್ಚಿನಲ್ಲಿ ಸೇರಿದವರೂ ಅಕ್ಟೋಬರಿನಿಂದ ಕಾಯುತ್ತಿರುವ ದೂರದವರಿಗಿಂತ ಮೇಲೆ ಬರುತ್ತಾರೆ. ಮನೆ ಹುಡುಕುವ ಕೆಲಸಕ್ಕೆ ನಿಮ್ಮ ಭಾವಮೈದುನನನ್ನು ಈಗಲೇ ಹಚ್ಚಿ.